ಶೂನ್ಯದಿಂದ ಬ್ರಹ್ಮಾಂಡ: ನಾನು ಪಾಠ ಮಾಡುವ ಬಗೆ

"ಏನೂ ಇಲ್ದೇ ಇಷ್ಟೆಲ್ಲ ಹ್ಯಾಂಗ್ ಬಂತ್ರಿ ಸರ್?" ಕಲಬುರಗಿಯ ನಮ್ಮ ಬಿಎಸ್ಸಿ ತರಗತಿಯಲ್ಲಿ ಈ ಪ್ರಶ್ನೆ ಎದ್ದರೆ ನಾನು ಬಿಗ್ ಬ್ಯಾಂಗಿಗೆ ಹೋಗುವುದಿಲ್ಲ, ಒಂದು ಕಿಲೋ ಕಲ್ಲಿಗೆ ಹೋಗುತ್ತೇನೆ.

ನೆಲದ ಮೇಲಿನ ಆ ಕಲ್ಲಿನ ಗುರುತ್ವ ವಿಭವ ಶಕ್ತಿ ಸುಮಾರು ಮೈನಸ್ 6.3 ಕೋಟಿ ಜೂಲ್. ಸೆಕೆಂಡಿಗೆ 11.2 ಕಿ.ಮೀ. ವೇಗದಲ್ಲಿ ಮೇಲಕ್ಕೆಸೆದರೆ ಚಲನಶಕ್ತಿ ಪ್ಲಸ್ 6.3 ಕೋಟಿ. ಮೊತ್ತ ಸೊನ್ನೆ, ಆದರೂ ಕಲ್ಲು ಓಡುತ್ತಿದೆ. ಮಕ್ಕಳು ಎಡವುವುದು ಮೈನಸ್ ಚಿಹ್ನೆಯಲ್ಲೇ. ಅನಂತ ದೂರದಲ್ಲಿ ವಿಭವ ಶಕ್ತಿ ಸೊನ್ನೆ ಎಂದು ಹಿಡಿಯುತ್ತೇವೆ. ಕಲ್ಲನ್ನು ಅಲ್ಲಿಗೆ ಒಯ್ಯಲು ಶಕ್ತಿ ಕೊಡಬೇಕು, ಅಂದರೆ ಇಲ್ಲಿ ಅದು ಸೊನ್ನೆಗಿಂತ ಕೆಳಗಿದೆ. ಇದು ಮನಸ್ಸಿಗೆ ಹತ್ತುವವರೆಗೆ ಮುಂದಕ್ಕೆ ಹೋಗಬಾರದು.

ಆಮೇಲೆ ಕಲ್ಲಿನ ಜಾಗದಲ್ಲಿ ಗ್ಯಾಲಕ್ಸಿ. R ತ್ರಿಜ್ಯದ ಗೋಳದ ಅಂಚಿನಲ್ಲಿ ಅದರ ವೇಗ HR; H ಅಂದರೆ ಹಬಲ್ ಸ್ಥಿರಾಂಕ, ವಿಶ್ವ ಹಿಗ್ಗುವ ದರ. ಎರಡು ಶಕ್ತಿಗಳ ಮೊತ್ತ ಸೊನ್ನೆ ಎಂದು ಬರೆದರೆ R ಹೊಡೆದುಹೋಗಿ ಸಾಂದ್ರತೆ 3H²/8πG ಉಳಿಯುತ್ತದೆ (G ಗುರುತ್ವ ಸ್ಥಿರಾಂಕ). H ಪ್ರತಿ ಮೆಗಾಪಾರ್ಸೆಕ್‌ಗೆ ಸೆಕೆಂಡಿಗೆ ಸುಮಾರು 70 ಕಿ.ಮೀ.; ಬರೀ 70 ಎಂದೇ ತುಂಬಿದರೆ ಲೆಕ್ಕ ಕೆಡುತ್ತದೆ. ಮೆಗಾಪಾರ್ಸೆಕ್ ಅಂದರೆ 3.086×10²² ಮೀಟರ್, ಹಾಗಾಗಿ H ಸೆಕೆಂಡಿಗೆ 2.27×10⁻¹⁸. ಉತ್ತರ ಘನ ಮೀಟರಿಗೆ 9.2×10⁻²⁷ ಕೆ.ಜಿ., ಐದೂವರೆ ಹೈಡ್ರೋಜನ್ ಪರಮಾಣುಗಳ ತೂಕ! ಪ್ಲಾಂಕ್ ಉಪಗ್ರಹದ ಅಳತೆಗಳ ಪ್ರಕಾರ ವಿಶ್ವದ ನಿಜವಾದ ಒಟ್ಟು ಸಾಂದ್ರತೆಗೂ ಮೊತ್ತ ಸೊನ್ನೆಯಾಗಿಸುವ ಈ ಸಾಂದ್ರತೆಗೂ ಶೇ. 1ರಷ್ಟೂ ಅಂತರವಿಲ್ಲ. ಅದರಲ್ಲಿ ಪರಮಾಣುಗಳ ಪಾಲು ಶೇ. 5 ಮಾತ್ರ.

ಈಗ, ಇಡೀ ವಿಶ್ವವೇ ನಿರ್ವಾತದ ಒಂದು ಏರಿಳಿತ ಇರಬಹುದು ಎಂದು ಭೌತವಿಜ್ಞಾನಿ ಎಡ್ವರ್ಡ್ ಟ್ರಯಾನ್ 1973ರಲ್ಲಿ ಮಂಡಿಸಿದ ವಿಚಾರ ಹೇಳಿದರೆ ನಾಟುತ್ತದೆ. ಕ್ವಾಂಟಮ್ ಭೌತಶಾಸ್ತ್ರದ ಅನಿಶ್ಚಿತತೆಯ ನಿಯಮದಂತೆ ನಿರ್ವಾತದ ಏರಿಳಿತ ಎಷ್ಟು ಕಡಿಮೆ ಶಕ್ತಿ ಬಳಸಿದರೆ ಅಷ್ಟು ಹೆಚ್ಚು ಕಾಲ ಬಾಳಬಹುದು. ಮೊತ್ತ ಸೊನ್ನೆಯಾದರೆ ಆಯುಸ್ಸಿಗೆ ಮಿತಿಯೇ ಇಲ್ಲ. ಆದರೆ ನಿರ್ವಾತವೂ "ಏನೂ ಇಲ್ಲ" ಅಲ್ಲ. ಅಲ್ಲಿ ದೇಶ, ಕಾಲ, ಕ್ಷೇತ್ರಗಳು ಇವೆ. 1982ರಲ್ಲಿ ಅಲೆಕ್ಸಾಂಡರ್ ವಿಲೆಂಕಿನ್ ಅವನ್ನೂ ಕೈಬಿಟ್ಟು, ಗಾತ್ರ ಸೊನ್ನೆಯಿಂದ ಕ್ವಾಂಟಮ್ ಸುರಂಗದ ಮೂಲಕ (ಶಕ್ತಿ ಸಾಲದಿದ್ದರೂ ತಡೆಗೋಡೆ ದಾಟುವ ಬಗೆ) ಪುಟ್ಟ ಸಂವೃತ ವಿಶ್ವ, ಅಂದರೆ ಚೆಂಡಿನ ಮೈಯಂತೆ ಬಾಗಿ ತನ್ನಲ್ಲೇ ಮುಚ್ಚಿಕೊಂಡ ವಿಶ್ವ, ಹೊಮ್ಮುವ ಲೆಕ್ಕ ಕೊಟ್ಟರು. ಅಲ್ಲೂ ಕ್ವಾಂಟಮ್ ನಿಯಮಗಳು ಮೊದಲೇ ಇವೆ ಎಂದು ಒಪ್ಪಿಕೊಂಡೇ ಹೊರಡಬೇಕು. ಇದನ್ನು ಮಕ್ಕಳಿಂದ ಮುಚ್ಚಿಡುವುದು ತಪ್ಪು ಎಂದು ನನ್ನ ಗಟ್ಟಿ ಅಭಿಪ್ರಾಯ.

ಕಲ್ಲಿನ ಲೆಕ್ಕ ನ್ಯೂಟನ್‌ನದು, ದಾರಿ ತೋರುವುದಕ್ಕಷ್ಟೇ. ಸಾಮಾನ್ಯ ಸಾಪೇಕ್ಷತೆಯಲ್ಲಿ ಇಡೀ ವಿಶ್ವದ ಶಕ್ತಿಗೆ ಸ್ಪಷ್ಟ ವ್ಯಾಖ್ಯೆ ಸಿಗುವುದು ಕಷ್ಟ. ಸಂವೃತ ವಿಶ್ವಕ್ಕೆ ಮಾತ್ರ ಅದು ಸೊನ್ನೆ ಎನ್ನಬಹುದು. "ಅಳತೆಯಲ್ಲಿ ವಿಶ್ವ ಸಪಾಟು, ಬಾಗೇ ಇಲ್ದಂಗ ಕಾಣ್ತದಲ್ರಿ?" ಎಂದು ಚುರುಕಾದವರು ಕೇಳುತ್ತಾರೆ. ಪುಟ್ಟ ಸಂವೃತ ವಿಶ್ವ ಕ್ಷಣಾರ್ಧದಲ್ಲಿ ಅಗಾಧವಾಗಿ ಹಿಗ್ಗಿದರೆ, ನಮಗೆ ಕಾಣುವ ತುಣುಕಿನಲ್ಲಿ ಅದರ ಬಾಗು ಅಳತೆಗೇ ಸಿಗುವುದಿಲ್ಲ.