ಹತ್ತು ಸಲ ಬರೆಸುವುದನ್ನು ಬಿಟ್ಟ ಮೇಲೆ

ಮೂರು ವರ್ಷದ ಹಿಂದೆ ಒಂದು ಮಧ್ಯಾಹ್ನ ನಾಲ್ಕನೇ ಕ್ಲಾಸಿನ ಹುಡುಗನೊಬ್ಬನ ನೋಟ್‌ಬುಕ್ ನೋಡುತ್ತಿದ್ದೆ. 'ಕಾವೇರಿ ನದಿಗೆ ಕನ್ನಂಬಾಡಿ ಅಣೆಕಟ್ಟು ಕಟ್ಟಿದ್ದಾರೆ' ಅನ್ನುವ ಸಾಲನ್ನು ಹತ್ತು ಸಲ ಬರೆದು ತಾ ಅಂದಿದ್ದೆ. ಅಕ್ಷರ ದುಂಡಗಿತ್ತು. ಆದರೆ ಹತ್ತೂ ಸಾಲಲ್ಲಿ 'ಅಣೆಕಟು' ಅಂತ ಇತ್ತು. ಒತ್ತು ಎಲ್ಲೂ ಇಲ್ಲ. ಇನ್ನೂ ಹತ್ತಿರ ಹಿಡಿದು ನೋಡಿದೆ. ಪದಗಳು ಒಂದರ ಕೆಳಗೊಂದು ಕಂಬದ ಹಾಗೆ ನಿಂತಿದ್ದವು. ಮೊದಲು 'ಕಾವೇರಿ'ಯನ್ನು ಮೇಲಿಂದ ಕೆಳಗೆ ಹತ್ತು ಸಲ ಬರೆದಿದ್ದ, ಆಮೇಲೆ 'ನದಿಗೆ', ಆಮೇಲೆ 'ಕನ್ನಂಬಾಡಿ'. ಅವನು ಆ ಸಾಲನ್ನು ಒಂದು ಸಲವೂ ಓದಿರಲಿಲ್ಲ. ಹಿಂದಿನ ವಾರದ ಪುಟ ತಿರುವಿದೆ. ಅಲ್ಲೂ ಅಂಥದೇ ತಪ್ಪುಗಳು, ಅದರ ಕೆಳಗೆ ನನ್ನದೇ ಕೆಂಪು ರೈಟ್ ಮಾರ್ಕು, ತಾರೀಖು.

ಆ ದಿನ ನನಗೆ ತುಂಬಾ ಬೇಜಾರಾಯಿತು. ತಪ್ಪನ್ನು ಹತ್ತು ಸಲ ಬರೆಸಿ ಗಟ್ಟಿ ಮಾಡಿಸಿದವಳು ನಾನೇ ಅಲ್ವಾ?

ನಮ್ಮದು ತುಮಕೂರು ಜಿಲ್ಲೆಯ ಒಂದು ಹಳ್ಳಿಯ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ. ಇಬ್ಬರು ಶಿಕ್ಷಕಿಯರು. ಒಂದರಿಂದ ಮೂರರವರೆಗಿನ ನಲಿ-ಕಲಿ ಕೊಠಡಿ ಇನ್ನೊಬ್ಬ ಮೇಡಂ ಅವರದ್ದು. ನಾಲ್ಕು ಮತ್ತು ಐದನೇ ಕ್ಲಾಸು ಒಂದೇ ಕೊಠಡಿಯಲ್ಲಿ ನನ್ನ ಪಾಲಿಗೆ. ಒಟ್ಟು 26 ಮಕ್ಕಳು. ನಲಿ-ಕಲಿಯಲ್ಲಿ ಕಾರ್ಡು, ಕಲಿಕಾ ಏಣಿ, ಗುಂಪಿನ ತಟ್ಟೆ ಅಂತ ಮಗು ತನ್ನ ವೇಗದಲ್ಲಿ ಹತ್ತಿಕೊಂಡು ಬಂದಿರುತ್ತದೆ. ನಾಲ್ಕನೇ ಕ್ಲಾಸಿಗೆ ಬಂದ ತಕ್ಷಣ ಪುಸ್ತಕ, ಪ್ರಶ್ನೋತ್ತರ, ಕಾಪಿ ಬರಹ. ಆ ಬದಲಾವಣೆಯಲ್ಲೇ ಎಷ್ಟೋ ಮಕ್ಕಳು ಸುಮ್ಮನಾಗಿಬಿಡುತ್ತಾರೆ.

ಮನೆಗೆಲಸ ಎಷ್ಟು ಕೊಡಬೇಕು ಅನ್ನುವುದಕ್ಕೆ ನಿಯಮವೂ ಇದೆ. ಒಂದು, ಎರಡನೇ ಕ್ಲಾಸಿಗೆ ಮನೆಗೆಲಸ ಬೇಡ ಅಂತ 2019ರಲ್ಲೇ ನಮ್ಮ ರಾಜ್ಯದಲ್ಲಿ ಆದೇಶವಾಯಿತು. 2020ರ ರಾಷ್ಟ್ರೀಯ ಶಾಲಾ ಬ್ಯಾಗ್ ನೀತಿ ಮೂರರಿಂದ ಐದನೇ ಕ್ಲಾಸಿಗೆ ವಾರಕ್ಕೆ ಹೆಚ್ಚೆಂದರೆ ಎರಡು ಗಂಟೆ ಅಂತ ಹೇಳುತ್ತದೆ. ದಿನಕ್ಕಲ್ಲ, ವಾರಕ್ಕೆ. ನಾನು ಕೊಡುತ್ತಿದ್ದದ್ದು ದಿನಕ್ಕೇ ಒಂದು ಗಂಟೆಯಷ್ಟಿತ್ತು.

ಹಾಗಾಗಿ ವಾರದ ಲೆಕ್ಕ ಶುರು ಮಾಡಿದೆ. ಸೋಮವಾರ ಬೆಳಗ್ಗೆ ಬೋರ್ಡಿನ ಬಲತುದಿಯಲ್ಲಿ ನಾಲ್ಕೇ ಕೆಲಸ ಬರೆಯುತ್ತೇನೆ. ಮಕ್ಕಳು ಅದನ್ನು ಎಡಪುಟದಲ್ಲಿ ಇಳಿಸಿಕೊಳ್ಳುತ್ತಾರೆ, ಉತ್ತರ ಬಲಪುಟಕ್ಕೆ. ಒಂದೊಂದು ಕೆಲಸಕ್ಕೆ 25 ನಿಮಿಷಕ್ಕಿಂತ ಜಾಸ್ತಿ ಹಿಡಿಯಬಾರದು. ಶುಕ್ರವಾರ, ಶನಿವಾರ ರಾತ್ರಿ ಏನೂ ಇಲ್ಲ. ಕೆಲಸ ಆರಿಸುವಾಗ ನನಗೆ ನಾನೇ ಒಂದು ಷರತ್ತು ಹಾಕಿಕೊಂಡೆ. ಮನೆಯಲ್ಲಿ ಓದು ಬರಹ ಬಲ್ಲವರು ಒಬ್ಬರೂ ಇಲ್ಲದಿದ್ದರೂ ಮಗು ಆ ಕೆಲಸ ಮಾಡಲು ಆಗಬೇಕು. ಆದರೆ ಮನೆಯವರು ಅದರಲ್ಲಿ ಸೇರಲೇಬೇಕು.

ಸೋಮವಾರದ್ದು ಓದು. ಆ ವಾರದ ಪಾಠದ ಒಂದು ಪುಟವನ್ನು ಜೋರಾಗಿ ಓದಿ ಮನೆಯಲ್ಲಿ ಯಾರಿಗಾದರೂ ಕೇಳಿಸಬೇಕು. ಕೇಳಿದವರು ನೋಟ್‌ಬುಕ್ಕಿನಲ್ಲಿ ಒಂದು ಗುರುತು ಹಾಕಬೇಕು. ಸಹಿ ಅಂತ ನಾನು ಕೇಳಲಿಲ್ಲ, ಗುರುತು ಅಂದೆ. ಎರಡನೇ ವಾರ ಒಬ್ಬಳ ಪುಟದಲ್ಲಿ ನಾಲ್ಕು ಚುಕ್ಕಿ ಇಟ್ಟು ಸುತ್ತ ಎಳೆ ಎಳೆದ ಪುಟ್ಟ ರಂಗೋಲಿ ಇತ್ತು. ಪೆನ್ನು ಹಿಡಿದು ಅಭ್ಯಾಸವಿಲ್ಲದ ಕೈ, ಗೆರೆ ನಡುಗಿತ್ತು. 'ನಮ್ಮಜ್ಜಿ ಹಾಕಿದ್ದು ಮಿಸ್. ಹೆಬ್ಬೆಟ್ಟು ಒತ್ತಲ್ಲ ಅಂದ್ರು, ನಂಗೆ ರಂಗೋಲಿ ಬರುತ್ತೆ ಅಂದ್ರು' ಅಂದಳು. ಈಗ ಆ ಅಜ್ಜಿ ಪ್ರತಿ ವಾರ ಬೇರೆ ಬೇರೆ ರಂಗೋಲಿ ಹಾಕುತ್ತಾರೆ. ಆ ಹುಡುಗಿಯ ಓದು ತಡವರಿಸುವುದು ನಿಂತದ್ದು ನನ್ನ ಪಾಠದಿಂದಲ್ಲ, ಆ ಅಜ್ಜಿ ಕೂತು ಕೇಳಿದ್ದರಿಂದ.

ಮಂಗಳವಾರ ಒತ್ತಕ್ಷರದ ಬೇಟೆ. ಪಾಠದಿಂದಲೋ, ಬಿಸ್ಕತ್ತಿನ ಕವರಿಂದಲೋ, ಬಸ್ಸಿನ ಬೋರ್ಡಿಂದಲೋ ಆರು ಪದ. ಇದರ ಬಗ್ಗೆ ಹೆಚ್ಚೇನಿಲ್ಲ, ಮಕ್ಕಳಿಗೆ ಇಷ್ಟ.

ಬುಧವಾರ ನಮ್ಮ ಹೋಬಳಿಯ ಸಂತೆ. ಲೆಕ್ಕ ಅಲ್ಲಿಂದಲೇ. ನಾಲ್ಕನೇ ಕ್ಲಾಸಿನವರು ಮನೆಗೆ ತಂದ ಐದು ಸಾಮಾನಿನ ಬೆಲೆ ಕೇಳಿ ಬರೆದು ಕೂಡಬೇಕು. ಐದನೆಯವರು ಕಾಲು, ಅರ್ಧ, ಮುಕ್ಕಾಲು ಕೆಜಿಗೆ ಎಷ್ಟಾಗುತ್ತದೆ ಅಂತ ಹಾಕಬೇಕು. ಒಂದು ಗುರುವಾರ ಐದನೇ ಕ್ಲಾಸಿನವನೊಬ್ಬ ಬ್ಯಾಗ್ ಇಡುವುದಕ್ಕೂ ಮೊದಲೇ ನನ್ನ ಹತ್ತಿರ ಬಂದ. 'ಮಿಸ್, ಟೊಮೆಟೊ ಕೆಜಿಗೆ 40. ಅರ್ಧ ಕೆಜಿ 20 ಆಗ್ಬೇಕಲ್ವಾ? ಅಮ್ಮ 25 ಕೊಟ್ಟವ್ರೆ. ನನ್ ಲೆಕ್ಕ ತಪ್ಪಾ?' ಅಂದ. ಅವತ್ತು ಪುಸ್ತಕ ಮುಚ್ಚಿಟ್ಟೆವು. ಅರ್ಧ ಕೆಜಿಗೆ 25 ಆದರೆ ಕೆಜಿಗೆ ಎಷ್ಟು ಬಿತ್ತು, ಎರಡು ಸಲ ಅರ್ಧರ್ಧ ಕೊಂಡರೆ ಎಷ್ಟು ನಷ್ಟ, ಅಂಗಡಿಯವರು ಯಾಕೆ ಹಾಗೆ ಮಾರುತ್ತಾರೆ? ನಲವತ್ತು ನಿಮಿಷ ಹೋಯಿತು. ಭಿನ್ನರಾಶಿ ಅಂದರೆ ಮುಖ ತಿರುಗಿಸುತ್ತಿದ್ದ ಇಬ್ಬರು ಅವತ್ತು ಬೋರ್ಡಿನ ಹತ್ತಿರ ಬಂದು ನಿಂತಿದ್ದರು.

ಗುರುವಾರ ಮನೆಯ ಹಿರಿಯರಿಗೆ ಒಂದು ಪ್ರಶ್ನೆ. ನೀವು ಚಿಕ್ಕವರಿದ್ದಾಗ ಕಾಳು ಹೇಗೆ ಅಳೆಯುತ್ತಿದ್ದಿರಿ? ಕೇಳಿಕೊಂಡು ಬಂದು ಐದು ವಾಕ್ಯ ಬರೆಯಬೇಕು. ನಾಲ್ಕು ಪಾವಿಗೆ ಒಂದು ಸೇರು, ಎರಡು ಪಾವಿಗೆ ಅಚ್ಚೇರು ಅಂತ ಬರೆದು ತಂದರು. ಒಬ್ಬಳು ಪಾವನ್ನೇ ಬ್ಯಾಗಿನಲ್ಲಿ ಹಾಕಿಕೊಂಡು ಬಂದಿದ್ದಳು.

ಶುಕ್ರವಾರ ಉಕ್ತಲೇಖನ, ಹತ್ತು ಪದ. ಆ ಹತ್ತನ್ನು ನಾನು ಪುಸ್ತಕದಿಂದ ಆರಿಸುವುದಿಲ್ಲ. ಆ ವಾರ ಮಕ್ಕಳು ತಪ್ಪಿದ ಪದಗಳೇ ಅವು.

ಇಷ್ಟೆಲ್ಲ ನಿಂತಿರುವುದು ತಿದ್ದುವುದರ ಮೇಲೆ. ಮೊದಲು ದಿನಾ 26 ನೋಟ್‌ಬುಕ್ ತಿದ್ದುತ್ತಿದ್ದೆ. ತಿದ್ದುವುದೆಂದರೆ ರೈಟ್ ಹಾಕುವುದಷ್ಟೇ, ಓದುತ್ತಿರಲಿಲ್ಲ. ಈಗ ಮಂಗಳವಾರದಿಂದ ಶನಿವಾರದವರೆಗೆ ದಿನಕ್ಕೆ ಐದು ಅಥವಾ ಆರು ನೋಟ್‌ಬುಕ್. ಬಿಸಿಯೂಟ ಆದ ಮೇಲೆ, ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ಪ್ರತಿ ಸಾಲನ್ನೂ ಓದುತ್ತೇನೆ. ಎಷ್ಟೇ ತಪ್ಪಿದ್ದರೂ ಮೂರಕ್ಕೆ ಮಾತ್ರ ಗೆರೆ. ಸರಿ ಪದವನ್ನು ನಾನು ಬರೆದುಕೊಡುವುದಿಲ್ಲ, ಅವರೇ ಪುಸ್ತಕದಲ್ಲಿ ಹುಡುಕಿ ಒಂದೇ ಒಂದು ಸಲ ಬರೆಯಬೇಕು. ಮೂರಕ್ಕಿಂತ ಜಾಸ್ತಿ ಗೆರೆ ಎಳೆದರೆ ಮಗು ಪುಟವನ್ನೇ ನೋಡುವುದಿಲ್ಲ, ಇದನ್ನು ನಾನು ಖಚಿತವಾಗಿ ಹೇಳಬಲ್ಲೆ.

ತೊಂದರೆಗಳೂ ಬಂದವು. ಒಬ್ಬ ಹುಡುಗನ ಪುಟದಲ್ಲಿ ಗುರುತೇ ಇರುತ್ತಿರಲಿಲ್ಲ. ಎರಡು ಸಲ ಗದರಿದೆ. ಆಮೇಲೆ ಗೊತ್ತಾಯಿತು, ಅವನಮ್ಮ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗಿ ಮನೆ ಸೇರುವಷ್ಟರಲ್ಲಿ ಅವನು ಮಲಗಿರುತ್ತಾನೆ. ಗದರಿದ್ದು ನನಗೆ ಇವತ್ತಿಗೂ ಚುಚ್ಚುತ್ತದೆ. ಈಗ ಅವನು, ಅವನಂಥ ಇನ್ನಿಬ್ಬರು, ಬೆಳಗ್ಗೆ ಕ್ಷೀರಭಾಗ್ಯದ ಹಾಲು ಕಾಯುವ ಹೊತ್ತಿನಲ್ಲಿ ಎರಡನೇ ಕ್ಲಾಸಿನ ಪುಟಾಣಿಗಳಿಗೆ ಓದಿ ಹೇಳುತ್ತಾರೆ. ಪುಟಾಣಿಗಳು ಗುರುತು ಹಾಕುತ್ತವೆ. ರಾಗಿ ಕೊಯ್ಲಿನ ವಾರಗಳಲ್ಲಿ ನಾಲ್ಕು ಕೆಲಸವನ್ನು ಎರಡಕ್ಕೆ ಇಳಿಸುತ್ತೇನೆ. ಹೊಲದಿಂದ ಬಂದ ಮಗುವಿಗೆ ಬೈದು ಬರೆಸಿದರೆ ಏನು ಬಂತು?

ತಂದೆತಾಯಿಯರಿಂದಲೂ ಮಾತು ಬಂತು. 'ಕಾನ್ವೆಂಟಿಗೆ ಹೋಗೋ ಮಕ್ಕಳು ರಾತ್ರಿ ಒಂಬತ್ತರ ತನಕ ಬರೀತವೆ, ನೀವು ಟೊಮೆಟೊ ರೇಟು ಬರೆಸ್ತೀರಲ್ಲ ಮೇಡಂ' ಅಂತ ಪಾಲಕರ ಸಭೆಯಲ್ಲಿ ಒಬ್ಬರು ಕೇಳಿದರು. ನಾನು ವಾದ ಮಾಡಲಿಲ್ಲ. ಅವರ ಮಗಳ ಜೂನ್ ತಿಂಗಳ ಪುಟ, ನವೆಂಬರ್ ತಿಂಗಳ ಪುಟ ಎರಡನ್ನೂ ಅವರ ಕೈಗೆ ಕೊಟ್ಟೆ. ಜೂನಿನಲ್ಲಿ ಒಂದೂವರೆ ಸಾಲು. ನವೆಂಬರಿನಲ್ಲಿ ಅವರದೇ ತಂದೆ ಬಾವಿ ತೋಡಿದ ಕಥೆ, ಮುಕ್ಕಾಲು ಪುಟ. ಅವರು ನಿಂತಲ್ಲೇ ಪೂರ್ತಿ ಓದಿದರು. 'ಇದು ನನಗೇ ಗೊತ್ತಿರಲಿಲ್ಲ' ಅಂದರು.

ಇಂಗ್ಲಿಷಿಗೆ ಮಾತ್ರ ದಾರಿ ಇನ್ನೂ ಸಿಕ್ಕಿಲ್ಲ. ಕೇಳಿಸಿಕೊಳ್ಳಲು ಮನೆಯಲ್ಲಿ ಯಾರೂ ಇಲ್ಲ, ತಪ್ಪು ಓದಿದರೂ ಗೊತ್ತಾಗುವುದಿಲ್ಲ. ಸದ್ಯಕ್ಕೆ ಬಾಗಿಲು, ಬಕೆಟ್, ಕನ್ನಡಿಯ ಮೇಲೆ ಚೀಟಿ ಅಂಟಿಸಿ ಬನ್ನಿ ಅಂತ ವಾರಕ್ಕೆ ಐದು ಪದ ಕೊಡುತ್ತಿದ್ದೇನೆ. ಮೊನ್ನೆ ರಂಗೋಲಿ ಅಜ್ಜಿಯ ಮೊಮ್ಮಗಳು ಬಂದು, 'ಅಜ್ಜಿಗೂ ಒಂದು ಚೀಟಿ ಬೇಕಂತೆ ಮಿಸ್, ಒರಳಿಗೆ ಏನಂತಾರೆ?' ಅಂತ ಕೇಳಿದಳು.