ಬಳ್ಳಾರಿಯಿಂದ ಅರೀನಾ: 180 ಪಿಂಗ್‌ನಲ್ಲಿ ಡ್ರೂಯಿಡ್ ಆಡುವ ಬಗೆ

ಬಳ್ಳಾರಿಯಲ್ಲಿ ಕೂತು ಯುರೋಪ್ ಸರ್ವರ್‌ನಲ್ಲಿ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಅರೀನಾ (ಆ ಆನ್‌ಲೈನ್ ಆಟದಲ್ಲಿ ಚಿಕ್ಕ ತಂಡಗಳ ಕಾಳಗ) ಆಡುವವರು ಒಂದು ಮಾತನ್ನು ಮೊದಲೇ ಒಪ್ಪಿಕೊಳ್ಳಬೇಕು. ಪಿಂಗ್, ಅಂದರೆ ಸುದ್ದಿ ಸರ್ವರ್‌ಗೆ ಹೋಗಿ ಬರಲು ಹಿಡಿಯುವ ಮಿಲಿಸೆಕೆಂಡ್, ಇಳಿಸುವುದಕ್ಕೆ ಒಂದು ಮಿತಿ ಇದೆ, ಅದರಾಚೆ ಆಟವನ್ನೇ ಪಿಂಗ್‌ಗೆ ಹೊಂದಿಸಬೇಕು. ಇಲ್ಲಿಂದ ಪಶ್ಚಿಮ ಯುರೋಪ್‌ಗೆ ನೇರ ದೂರವೇ ಏಳು ಸಾವಿರ ಕಿ.ಮೀ. ಮೇಲಾಗುತ್ತದೆ. ಫೈಬರ್ ಒಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಅಂದರೆ ಹೋಗಿ ಬರುವುದಕ್ಕೇ 70 ಮಿಲಿಸೆಕೆಂಡ್ ಬೇಕು. ಕೇಬಲ್ ನೇರವಾಗಿಯೂ ಹೋಗುವುದಿಲ್ಲ. ಕರಾವಳಿ ಮುಟ್ಟಿ, ಅರಬ್ಬಿ ಸಮುದ್ರ, ಕೆಂಪು ಸಮುದ್ರ ದಾಟಿ ಸುತ್ತಿಕೊಂಡು ಹೋಗುತ್ತದೆ. ಒಳ್ಳೆಯ ಲೈನಿನಲ್ಲೂ 150ರಿಂದ 200ರ ನಡುವೆ ಬರುವುದು ಸಹಜ. ಇಲ್ಲಿನ ಲೆಕ್ಕವೆಲ್ಲ 180 ಪಿಂಗ್‌ಗೆ, ಬರ್ನಿಂಗ್ ಕ್ರುಸೇಡ್ ಕ್ಲಾಸಿಕ್ ಎಂಬ ಆವೃತ್ತಿಯ ಟೂಸ್‌ಗೆ, ಅಂದರೆ ಇಬ್ಬರ ಎದುರು ಇಬ್ಬರ ಪಂದ್ಯಕ್ಕೆ. ನಾನು ರೆಸ್ಟೊ ಡ್ರೂಯಿಡ್, ಅಂದರೆ ಹೀಲ್ ಹಾಕಿ ಜೀವ ತುಂಬುವ ಹೀಲರ್; ಜೊತೆಗಾರ ಗಂಗಾವತಿಯಿಂದ ಆಡುವ ವಾರಿಯರ್, ಹೊಡೆಯುವವನು.

ಮೊದಲು ಲೈನ್ ವಿಷಯ ಮುಗಿಸೋಣ. ವೈಫೈ ಬೇಡ, ಲ್ಯಾನ್ ಕೇಬಲ್ ಎಳೆಯಿರಿ. ಅದರಿಂದ ಪಿಂಗ್ ಹೆಚ್ಚೇನೂ ಇಳಿಯುವುದಿಲ್ಲ, ಆದರೆ ಕುಣಿಯುವುದು ನಿಲ್ಲುತ್ತದೆ. ಅಲುಗಾಡದ 190 ಆದರೂ ಆಡಬಹುದು. 140ಕ್ಕೂ 260ಕ್ಕೂ ಜಿಗಿಯುವ ಲೈನಿನಲ್ಲಿ ಕೈಗೆ ಲೆಕ್ಕವೇ ಸಿಗುವುದಿಲ್ಲ. ಆಟದೊಳಗೆ ಹೋಮ್, ವರ್ಲ್ಡ್ ಅಂತ ಎರಡು ಅಂಕಿ ತೋರಿಸುತ್ತದೆ, ನೋಡಬೇಕಾದದ್ದು ವರ್ಲ್ಡ್. ಕರೆಂಟ್ ಹೋದರೆ ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ನಿಲ್ಲುತ್ತದೆ, ರೌಟರ್ ನಿಲ್ಲುವುದಿಲ್ಲ. ಅದಕ್ಕೆ 12 ವೋಲ್ಟಿನ ಚಿಕ್ಕ ಯುಪಿಎಸ್ ಸಿಗುತ್ತದೆ. ಕೊಳ್ಳುವ ಮೊದಲು ರೌಟರ್ ಅಡಾಪ್ಟರ್ ಮೇಲೆ ಬರೆದ ವೋಲ್ಟ್, ಆಂಪಿಯರ್ ಓದಿಕೊಳ್ಳಿ. ಫೈಬರ್ ಡಬ್ಬಿಯೂ ರೌಟರೂ ಬೇರೆ ಬೇರೆ ಇದ್ದರೆ ಎರಡು ಔಟ್‌ಪುಟ್ ಇರುವುದನ್ನೇ ತನ್ನಿ. ಏಪ್ರಿಲ್, ಮೇನಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ. ಲ್ಯಾಪ್‌ಟಾಪ್ ಕಾದರೆ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತದೆ, ಅದು ತೆರೆಯ ಮೇಲೆ ಲ್ಯಾಗ್‌ನಂತೆಯೇ ಕಾಣುತ್ತದೆ. ಫ್ರೇಮ್ ರೇಟ್ 60ಕ್ಕೆ ಕಟ್ಟಿಹಾಕಿ, ಫ್ಯಾನಿನ ಕೆಂಪು ಧೂಳು ಊದಿಸುತ್ತಿರಿ.

ಹೊತ್ತಿನದೂ ಲೆಕ್ಕ ಇದೆ. ಮಧ್ಯ ಯುರೋಪ್‌ನಲ್ಲಿ ಸಂಜೆ 7 ಆದಾಗ ನಮ್ಮಲ್ಲಿ ಅವರ ಬೇಸಿಗೆಯಾದರೆ ರಾತ್ರಿ 10:30, ಚಳಿಗಾಲವಾದರೆ 11:30. ಎದುರಾಳಿಗಳು ಬೇಗ ಸಿಗುವ ಹೊತ್ತು ಅದೇ. ಅಷ್ಟೊತ್ತಿಗೆ ಊರಿನವರ ವಿಡಿಯೋ ನೋಡುವ ಭರಾಟೆ ಇಳಿದು ಲೈನೂ ಹದಕ್ಕೆ ಬರುತ್ತಿರುತ್ತದೆ.

ಸೆಟ್ಟಿಂಗ್‌ನಲ್ಲಿ ಮುಖ್ಯವಾದದ್ದು ಸ್ಪೆಲ್ ಕ್ಯೂ ವಿಂಡೋ. ಮುಂದಿನ ಸ್ಪೆಲ್ (ಮಂತ್ರ) ಅನ್ನು ಎಷ್ಟು ಮಿಲಿಸೆಕೆಂಡ್ ಮೊದಲೇ ಒತ್ತಿ ಸಾಲಿಗೆ ಹಾಕಬಹುದು ಎಂಬ ಅಂಕಿ ಅದು. ಮೂಲದಲ್ಲಿ 400 ಇರುತ್ತದೆ, ಕನ್ಸೋಲ್ ಕಮಾಂಡ್‌ನಿಂದ ಬದಲಿಸಬಹುದು. ಪಿಂಗ್ ಮೇಲೆ 100 ಕೂಡಿಸಿ, ಅಂದರೆ 280 ಇಡಿ. ಅದಕ್ಕಿಂತ ಕಡಿಮೆ ಇಟ್ಟರೆ ಎರಡು ಸ್ಪೆಲ್‌ಗಳ ನಡುವೆ ಸಂದು ಬೀಳುತ್ತದೆ. 400ರಲ್ಲೇ ಬಿಟ್ಟರೆ ಬೇಡವಾದ ಸ್ಪೆಲ್ ಮೊದಲೇ ಸಾಲಿಗೆ ಹೋಗಿ ಕೂತಿರುತ್ತದೆ.

ಈಗ ಕಾಸ್ಟ್ ಬಾರ್, ಸ್ಪೆಲ್ ಹಾಕಿ ಮುಗಿಯುವವರೆಗೆ ತುಂಬುತ್ತಾ ಹೋಗುವ ಪಟ್ಟಿ. ಇದನ್ನು ಅರ್ಥ ಮಾಡಿಕೊಂಡರೆ ಅರ್ಧ ಆಟ ಕೈಗೆ ಬಂದಂತೆ. ಎದುರಾಳಿ 1.5 ಸೆಕೆಂಡಿನ ಹೀಲ್ ಶುರು ಮಾಡಿದ ಸುದ್ದಿ ನಮಗೆ 90 ಮಿಲಿಸೆಕೆಂಡ್ ತಡವಾಗಿ ಬರುತ್ತದೆ. ನಾವು ಒತ್ತಿದ ಕಿಕ್ (ಸ್ಪೆಲ್ ತಡೆಯುವ ಹೊಡೆತ) ಸರ್ವರ್ ತಲುಪಲು ಇನ್ನೊಂದು 90. ಹಾಗಾಗಿ ನಮ್ಮ ತೆರೆಯ ಮೇಲೆ ಬಾರ್‌ನ ಕೊನೆಯ 180 ಮಿಲಿಸೆಕೆಂಡ್, ಅಂದರೆ ನೂರರಲ್ಲಿ 12 ಪಾಲು, ಬರೀ ಚಿತ್ರ. ಅಲ್ಲಿ ಒತ್ತಿದ ಕಿಕ್ ತಲುಪುವಷ್ಟರಲ್ಲಿ ಹೀಲ್ ಆಗಿಹೋಗಿರುತ್ತದೆ. ಬೆರಳಿನ ತಡ ಬೇರೆ ಸೇರುತ್ತದೆ. ಅದಕ್ಕೇ ವಾರಿಯರ್ ತನ್ನ ಕಿಕ್ ಆದ ಪಮ್ಮೆಲ್ ಅನ್ನು ಬಾರ್ ಅರ್ಧಕ್ಕೆ ಬರುವಾಗಲೇ ಒತ್ತಬೇಕು. ಬೇಗ ಒತ್ತಿದರೆ ಫೇಕ್ ಕಾಸ್ಟ್‌ಗೆ (ನಮ್ಮ ಕಿಕ್ ವ್ಯರ್ಥವಾಗಲಿ ಅಂತ ಶುರು ಮಾಡಿ ನಿಲ್ಲಿಸುವ ಸ್ಪೆಲ್‌ಗೆ) ಬೀಳುತ್ತೇವಲ್ಲ ಅನ್ನಬಹುದು. ಬೀಳುತ್ತೇವೆ, ನಿಜ. ಆದ್ದರಿಂದ ಮೊದಲ ಹೀಲ್‌ಗಳನ್ನು ಬಿಟ್ಟುಬಿಡುವುದು. ಗುರಿಯ ಜೀವ ನೂರರಲ್ಲಿ 40ಕ್ಕಿಂತ ಕೆಳಗಿಳಿದಾಗ ಹೀಲರ್‌ಗೆ ಫೇಕ್ ಮಾಡುವಷ್ಟು ವ್ಯವಧಾನ ಇರುವುದಿಲ್ಲ, ಶುರು ಮಾಡಿದ್ದನ್ನು ಮುಗಿಸಲೇಬೇಕು. ಪಮ್ಮೆಲ್ ಅಲ್ಲಿಗೆ ಮೀಸಲು. ತಪ್ಪಿದರೆ ಮತ್ತೆ 10 ಸೆಕೆಂಡ್ ಕಾಯಬೇಕು.

ಕ್ವಾರ್ಟ್ಜ್ ಆಡ್‌ಆನ್ ಹಾಕಿಕೊಂಡರೆ ನಮ್ಮದೇ ಕಾಸ್ಟ್ ಬಾರ್‌ನ ತುದಿಯಲ್ಲಿ ಲೇಟೆನ್ಸಿಯ, ಅಂದರೆ ಪಿಂಗ್‌ನ ತಡದ, ಪಟ್ಟಿ ಬೇರೆ ಬಣ್ಣದಲ್ಲಿ ಕಾಣುತ್ತದೆ. ಆ ಪಟ್ಟಿಯ ಒಳಗೆ ಬಂದ ಮೇಲೆ ಕಾಲು ಕಿತ್ತರೂ ಸ್ಪೆಲ್ ಪೂರ್ತಿಯಾಗುತ್ತದೆ. ಕಂಬದ ಮರೆಯಲ್ಲಿ ಆಡುವ ಹೀಲರ್‌ಗೆ ಈ ಚೂರು ಸಮಯ ಬಹಳ ದೊಡ್ಡದು.

ಇಷ್ಟೆಲ್ಲ ಲೆಕ್ಕ ಇರುವುದರಿಂದಲೇ ನಮ್ಮ ಕಡೆಯವರಿಗೆ ನಾನು ರೆಸ್ಟೊ ಡ್ರೂಯಿಡ್ ಹೇಳುವುದು. ಅವನ ಹೀಲ್ ಹೆಚ್ಚಿನದೆಲ್ಲ ಇನ್‌ಸ್ಟಂಟ್, ಕಿಕ್ ಮಾಡಲು ಅಲ್ಲಿ ಬಾರೇ ಇಲ್ಲ. ರೋಗ್ (ಮರೆಯಿಂದ ಬಂದು ಇರಿಯುವವನು) ಆಡಿದರೆ ಓಡುವವನ ಬೆನ್ನ ಹಿಂದೆಯೇ ಇರಬೇಕು. ಕ್ಯಾರೆಕ್ಟರ್ ಸೆಕೆಂಡಿಗೆ 7 ಗಜ ಓಡುತ್ತದೆ, 180 ಮಿಲಿಸೆಕೆಂಡ್‌ನಲ್ಲಿ 1.26 ಗಜ. ತೆರೆಯ ಮೇಲೆ ಕಂಡ ಜಾಗದಲ್ಲಿ ಅವನು ಇರುವುದೇ ಇಲ್ಲ. ಇದೇ ಅಂಕಿಯನ್ನು ನಾಗ್ರಾಂಡ್ ಅರೀನಾದ ಕಂಬಗಳಿಗೂ ಹಚ್ಚಿ. ಕಂಬದ ಅಂಚು ದಾಟಿದ ಕ್ಷಣದಲ್ಲಿ ಸರ್ವರ್ ಪ್ರಕಾರ ನಾವು ಇನ್ನೂ ಹೊರಗೇ ಇರುತ್ತೇವೆ. ಒಂದೂವರೆ ಗಜ ಒಳಗೆ, ಎದುರಾಳಿಯ ಬಾರ್‌ನ ಕೊನೆ ಭಾಗ ಬರುವ ಮೊದಲೇ ಸರಿದುಕೊಳ್ಳಬೇಕು.

ಲೈಫ್‌ಬ್ಲೂಮ್ ಎಂಬ ಹೀಲ್ 7 ಸೆಕೆಂಡ್ ಇರುತ್ತದೆ, ಒಂದರ ಮೇಲೊಂದು ಮೂರು ಸ್ಟ್ಯಾಕ್‌ವರೆಗೆ ಏರುತ್ತದೆ. ಟೈಮರ್ 1.5ಕ್ಕೆ ಇಳಿದಾಗ ಮತ್ತೆ ಹಾಕುತ್ತೇನೆ. ಅರ್ಧ ಸೆಕೆಂಡ್ ಉಳಿಯಲಿ ಅಂತ ಕಾದರೆ ಅದೇ ಹೊತ್ತಿಗೆ ಬೇರೆ ಸ್ಪೆಲ್‌ನ ಗ್ಲೋಬಲ್ ಕೂಲ್‌ಡೌನ್ (ಒಂದು ಸ್ಪೆಲ್ ಹಾಕಿದ ಮೇಲೆ ಇನ್ನೊಂದು ಹಾಕಲಾಗದ 1.5 ಸೆಕೆಂಡ್) ಅಡ್ಡ ಬಂದು ಮೂರೂ ಸ್ಟ್ಯಾಕ್ ಉದುರುತ್ತವೆ. ಎದುರಾಳಿಯನ್ನು ಸುಂಟರಗಾಳಿಯಲ್ಲಿ ಹಿಡಿದಿಡುವ ಸೈಕ್ಲೋನ್‌ನಲ್ಲೂ ಡ್ರೂಯಿಡ್‌ಗೆ ಇಂಥದೇ ಲೆಕ್ಕ. ಅದರ ಕಾಸ್ಟ್ 1.5 ಸೆಕೆಂಡ್, ಹಿಡಿತ 6 ಸೆಕೆಂಡ್. ಒಬ್ಬನ ಮೇಲೆಯೇ ಬೆನ್ನುಬೆನ್ನಿಗೆ ಹಾಕಿದರೆ ಎರಡನೆಯದು 3, ಮೂರನೆಯದು 1.5, ನಾಲ್ಕನೆಯದು ಹತ್ತುವುದಿಲ್ಲ. ಮೂರೂ ಬಿದ್ದರೆ ಒಟ್ಟು 10.5 ಸೆಕೆಂಡ್. ಸಂದಿಲ್ಲದೆ ಸೇರಿಸಬೇಕೆಂದರೆ ಮೊದಲನೆಯದರ ಟೈಮರ್ 1.6 ತೋರಿಸುವಾಗ ಎರಡನೆಯದನ್ನು ಶುರು ಮಾಡಿ. 1.5 ಕಾಸ್ಟ್, ಜೊತೆಗೆ 0.18 ಪಿಂಗ್, ಒಟ್ಟು 1.68. ಸ್ವಲ್ಪ ಮೊದಲೇ ಬಿದ್ದರೆ ವ್ಯರ್ಥವಾಗುತ್ತದೆ, ಅದಕ್ಕೆ 1.6. ಆಮೇಲೆ 15ರಿಂದ 20 ಸೆಕೆಂಡ್ ಬಿಟ್ಟರೆ ಮತ್ತೆ ಪೂರ್ತಿ 6 ಸಿಗುತ್ತದೆ. ನಾನು ಯಾವಾಗಲೂ 20 ಎಣಿಸುತ್ತೇನೆ. ಕಣ್ಣು ಕಟ್ಟಿ ತಬ್ಬಿಬ್ಬು ಮಾಡುವ ರೋಗ್‌ನ ಬ್ಲೈಂಡ್ ಕೂಡ ಇದೇ ಗುಂಪಿನದು, ಎರಡಕ್ಕೂ ಎಣಿಕೆ ಒಂದೇ. ಎದುರಿನ ರೋಗ್ ನಮ್ಮವರ ಮೇಲೆ ಹಾಕಿದ ಬ್ಲೈಂಡ್‌ಗೂ ನಾವು ಅವರ ಮೇಲೆ ಹಾಕುವ ಸೈಕ್ಲೋನ್‌ಗೂ ಸಂಬಂಧ ಇಲ್ಲ, ಎಣಿಕೆ ಯಾರ ಮೇಲೆ ಬಿತ್ತೋ ಅವರದು.

ಮೇಜ್ (ಮಾಂತ್ರಿಕ) ಎದುರಿದ್ದಾಗ ಫಾರ್ಮ್‌ನಲ್ಲಿ, ಅಂದರೆ ಪ್ರಾಣಿಯ ರೂಪದಲ್ಲಿ, ಇರುವ ಡ್ರೂಯಿಡ್‌ಗೆ ಅವನ ಪಾಲಿಮಾರ್ಫ್ (ಕುರಿಯಾಗಿಸುವ ಸ್ಪೆಲ್) ಹತ್ತುವುದಿಲ್ಲ ಅಂತ ಎಲ್ಲರಿಗೂ ಗೊತ್ತು. ಎಡವುವುದು ಗ್ಲೋಬಲ್ ಕೂಲ್‌ಡೌನ್‌ನಲ್ಲಿ. ರಿಜುವೆನೇಷನ್ ಎಂಬ ಹೀಲ್ ಹಾಕಿದ ಕೂಡಲೇ 1.5 ಸೆಕೆಂಡ್ ಕೈ ಕಟ್ಟಿಹೋಗುತ್ತದೆ, ಪಾಲಿಮಾರ್ಫ್ ಕಾಸ್ಟ್ ಕೂಡ 1.5 ಸೆಕೆಂಡ್. ಅವನು ಅದೇ ಕ್ಷಣ ಶುರು ಮಾಡಿದರೆ ಬೇರ್ (ಕರಡಿ) ಫಾರ್ಮ್‌ಗೆ ಹೋಗಲು ನಮ್ಮ ಪಿಂಗ್‌ನಲ್ಲಿ ದಾರಿಯೇ ಇರುವುದಿಲ್ಲ. ಆದ್ದರಿಂದ ಮೇಜ್ ಬೇರೇನೋ ಕಾಸ್ಟ್ ಮಾಡುತ್ತಿದ್ದಾಗ, ಇಲ್ಲವೇ ಕಂಬ ನಡುವೆ ಇದ್ದಾಗ ಮಾತ್ರ ಫಾರ್ಮ್ ಬಿಟ್ಟು ಹೀಲ್ ಹಾಕಿ.

ರೋಗ್-ಪ್ರೀಸ್ಟ್ ಜೋಡಿ ಪದೇ ಪದೇ ಸಿಗುತ್ತದೆ. ಅಲ್ಲಿ ಪ್ರೀಸ್ಟ್‌ನ ಸೈಕಿಕ್ ಸ್ಕ್ರೀಮ್ (ಹತ್ತಿರ ಇದ್ದವರನ್ನು ಹೆದರಿಸಿ ಓಡಿಸುವ ಸ್ಪೆಲ್) ಇನ್‌ಸ್ಟಂಟ್, ಯಾವ ಪಿಂಗ್‌ನಲ್ಲೂ ನೋಡಿ ತಡೆಯಲಾಗದು. ಅದು 30 ಸೆಕೆಂಡಿಗೊಮ್ಮೆ, ಟ್ಯಾಲೆಂಟ್ ಇದ್ದರೆ 26ಕ್ಕೊಮ್ಮೆ ಬರುತ್ತದೆ. ಹಿಂದಿನ ಭಯ ಮುಗಿದು 15 ಸೆಕೆಂಡ್ ದಾಟಿರುವುದರಿಂದ ಹೆಚ್ಚಿನ ಸಲ ಪೂರ್ತಿ 8 ಸೆಕೆಂಡ್ ಹೆದರಿಸುತ್ತದೆ. ಮೊದಲ ಸ್ಕ್ರೀಮ್ ಬಿದ್ದ ಕ್ಷಣದಿಂದ ಎಣಿಸಿ. 25 ಆಗುತ್ತಿದ್ದಂತೆ ಪ್ರೀಸ್ಟ್ ನಮ್ಮ ಕಡೆ ಓಡಿ ಬಂದರೆ ವಾರಿಯರ್ ಬರ್ಸರ್ಕರ್ ರೇಜ್ ಒತ್ತಬೇಕು. 10 ಸೆಕೆಂಡ್ ಅವನಿಗೆ ಭಯ ತಾಗುವುದಿಲ್ಲ. ನಾನು ಅಷ್ಟರಲ್ಲಿ ದೂರ ಸರಿದಿರುತ್ತೇನೆ. ರೋಗ್ ನನ್ನ ಮೇಲೆ ಚೀಪ್ ಶಾಟ್ ಎಂಬ ಸ್ಟನ್‌ನಿಂದ (ಅಲುಗಾಡದಂತೆ ಮಾಡುವ ಹೊಡೆತದಿಂದ) ಶುರು ಮಾಡಿದರೆ ಟ್ರಿಂಕೆಟ್ (ಇಂಥ ಹಿಡಿತ ಬಿಡಿಸುವ ವಸ್ತು) ಮುಟ್ಟುವುದಿಲ್ಲ. ಅದು 4 ಸೆಕೆಂಡ್ ಮಾತ್ರ, ಪೆಟ್ಟು ತಗ್ಗಿಸುವ ಬಾರ್ಕ್‌ಸ್ಕಿನ್ ಸ್ಟನ್‌ನಲ್ಲೂ ಕೆಲಸ ಮಾಡುತ್ತದೆ. ಹಿಂದೆಯೇ ಬರುವ ಕಿಡ್ನಿ ಶಾಟ್ ಎಂಬ ಸ್ಟನ್ ಐದು ಕಾಂಬೊಗೆ (ಹೊಡೆದಂತೆ ಕೂಡುವ ಅಂಕಕ್ಕೆ) 6 ಸೆಕೆಂಡ್, ಟ್ರಿಂಕೆಟ್ ಅಲ್ಲಿಗೆ. ಬಳಸಿದ ಮೇಲೆ 2 ನಿಮಿಷ ಸಿಗುವುದಿಲ್ಲ, ಅಷ್ಟು ಹೊತ್ತು ವಾರಿಯರ್‌ಗೆ ಹತ್ತಿರವೇ ಉಳಿಯಬೇಕು.

ನಮಗಿರುವ ಒಂದು ಅನುಕೂಲ ಮಾತು. ಡಿಸ್ಕಾರ್ಡ್‌ನಲ್ಲಿ ವಾಯ್ಸ್ ರೀಜನ್ ಇಂಡಿಯಾ ಇಟ್ಟರೆ ಬಳ್ಳಾರಿಯಿಂದ ಗಂಗಾವತಿಗೆ ದನಿ ಯುರೋಪ್ ಸುತ್ತಿ ಹೋಗಬೇಕಾಗಿಲ್ಲ. ನಾನು ಸೈಕ್ಲೋನ್ ಶುರು ಮಾಡಿದ್ದು ಅವನ ತೆರೆಗೆ ಬರುವ ಮೊದಲೇ ಕಿವಿಗೆ ಬಿದ್ದಿರುತ್ತದೆ. ಹಾಗಾಗಿ ಏನನ್ನೇ ಆಗಲಿ ಒತ್ತುವಾಗಲೇ ಹೇಳಬೇಕು, ಆದ ಮೇಲಲ್ಲ. ಮಾತು ಚಿಕ್ಕದಿರಲಿ: “ಪ್ರೀಸ್ಟ್‌ಗೆ ಸೈಕ್ಲೋನ್”, “ಅವಂದು ಟ್ರಿಂಕೆಟ್ ಹೋತು”, “ಕಂಬದ ಹಿಂದ ಬಾ”, “ನೀರ್ ಕುಡೀತೀನಿ, ತಡಿ”. ನೀರು ಕುಡಿದು ಮಾನಾ (ಸ್ಪೆಲ್ ಹಾಕುವ ಶಕ್ತಿ) ತುಂಬಿಕೊಳ್ಳುವುದನ್ನು ಹೇಳಲೇಬೇಕು. ಕುಡಿಯಲು ಮೊದಲು ಕಾಂಬ್ಯಾಟ್ (ಕಾಳಗದ ಸ್ಥಿತಿ) ಬಿಡಬೇಕು, ಅದಕ್ಕೆ ಐದಾರು ಸೆಕೆಂಡ್ ಯಾರೂ ತಾಗಬಾರದು, ವಾರಿಯರ್ ಅಷ್ಟು ಹೊತ್ತು ಎದುರಾಳಿಯನ್ನು ಓಟ ನಿಧಾನಿಸುವ ಹ್ಯಾಮ್‌ಸ್ಟ್ರಿಂಗ್ ಹಾಕಿ ಹಿಡಿದಿಡಬೇಕು.

ಕೆಂಪು ಸಮುದ್ರದಲ್ಲಿ ಕೇಬಲ್‌ಗೆ ಪೆಟ್ಟಾದರೆ, 2024ರ ಫೆಬ್ರವರಿ ಮತ್ತು 2025ರ ಸೆಪ್ಟೆಂಬರ್‌ನಲ್ಲಿ ಆದಂತೆ, ದಟ್ಟಣೆ ಬೇರೆ ದಾರಿಗೆ ತಿರುಗಿ ಪಿಂಗ್ ಏರುತ್ತದೆ. 260 ಬಂದರೆ ಎಲ್ಲ ಅಂಕಿ ಮತ್ತೆ ಹಾಕಿಕೊಳ್ಳಿ: ಸ್ಪೆಲ್ ಕ್ಯೂ 360, ಸೈಕ್ಲೋನ್‌ಗೆ 1.7, ಕಂಬದೊಳಗೆ ಎರಡು ಗಜ. ರೇಟೆಡ್ ಪಂದ್ಯಕ್ಕೆ ಹೋಗುವ ಮೊದಲು ಆಟದ ಓಗ್ರಿಮಾರ್ ಪಟ್ಟಣದ ಬಾಗಿಲ ಹೊರಗೆ ಜೊತೆಗಾರನೊಂದಿಗೆ ಡ್ಯುಯೆಲ್ ಹಾಕಿ, ಮೂರು ಸೈಕ್ಲೋನ್ ಸಂದಿಲ್ಲದೆ ಸೇರುವವರೆಗೆ ಕೈ ಪಳಗಿಸಿ.