ಮಾತಿಲ್ಲದ ಚಿತ್ರಕ್ಕೆ ಬೂಟಿನ ಸದ್ದು

ತಮಿಳುನಾಡಿನ ಗಡಿಯೂರು ತಾಳವಾಡಿಯಲ್ಲಿ ಕ್ಯಾಮೆರಾ ಹಿಡಿದು ನಿಂತರೆ ‘ವೀರಪ್ಪನ್ ಕಥೆಯಾ?’ ಎಂಬ ಪ್ರಶ್ನೆ ತಪ್ಪಿದ್ದಲ್ಲ. 2000ದ ಜುಲೈ 30ರ ರಾತ್ರಿ ರಾಜ್‌ಕುಮಾರ್ ಅವರನ್ನು ಅಪಹರಿಸಿದ ಗಾಜನೂರು ಇಲ್ಲೇ ಇರುವಾಗ ಕೇಳುವವರ ತಪ್ಪೇನೂ ಇಲ್ಲ. ಆದರೆ ನನ್ನ ಚಿತ್ರಕ್ಕೆ ಬೇಕಿದ್ದುದು ಕಾಡಿನೊಳಗಿದ್ದವನೂ ಅಲ್ಲ, ಅವನನ್ನು ಹುಡುಕಿ ಬಂದವರೂ ಅಲ್ಲ. ಎರಡು ರಾಜ್ಯಗಳ ವಿಶೇಷ ಕಾರ್ಯಪಡೆ ಕಾಡಂಚಿನಲ್ಲಿ ಓಡಾಡಿಕೊಂಡಿದ್ದ ವರ್ಷಗಳಲ್ಲಿ ಒಂಟಿ ಮನೆಯ ಮುದುಕಿಯೊಬ್ಬಳು ಒಂದು ದಿನವನ್ನು ಹೇಗೆ ದೂಡಿದಳು ಎಂಬುದಷ್ಟೇ. ಕಾರ್ಯಪಡೆಯ ದೌರ್ಜನ್ಯದ ಬಗೆಗಿನ ಆ ಕಾಲದ ದೂರುಗಳನ್ನು ವಿಚಾರಿಸಿದ ನ್ಯಾಯಮೂರ್ತಿ ಎ.ಜೆ. ಸದಾಶಿವ ಸಮಿತಿಯ ಮುಂದೆ ಜನ ಹೇಳಿಕೊಂಡದ್ದು ದಾಖಲೆಯಲ್ಲಿದೆ. ಅದನ್ನೇ ಅಭಿನಯಿಸಿ ತೋರಿಸುವ ಇಚ್ಛೆ ನನಗಿರಲಿಲ್ಲ. ಮಾತು ಒಂದೂ ಬೇಡ, ಸಮವಸ್ತ್ರವೂ ಕಾಣಬಾರದು ಎಂದು ಮೊದಲೇ ತೀರ್ಮಾನಿಸಿದ್ದೆ. ಸಮವಸ್ತ್ರ ಕಂಡರೆ ನೋಡುವವರು ಪಕ್ಷ ಹಿಡಿಯತೊಡಗುತ್ತಾರೆ.

ಹುಲಿ ಸಂರಕ್ಷಿತ ಪ್ರದೇಶದೊಳಗೆ ಚಿತ್ರೀಕರಣಕ್ಕೆ ಅನುಮತಿ ಬೇಕು. ಆ ಉಸಾಬರಿಗೆ ಹೋಗದೆ ನೆಂಟರ ಪಟ್ಟಾ ಜಮೀನಿನ ಹೆಂಚಿನ ಮನೆ ಹಿಡಿದೆ. ಕಥೆಯ ಕಾಲ 90ರ ದಶಕವಾದ್ದರಿಂದ ಸೋಲಾರ್ ಬೇಲಿ, ಎಲ್‌ಇಡಿ ಬಲ್ಬು, ಹನಿ ನೀರಾವರಿ ಪೈಪು ಎಲ್ಲವನ್ನೂ ತಪ್ಪಿಸಿ ಕ್ಯಾಮೆರಾ ಇಡಬೇಕಾಯಿತು. ಗೋಡೆಗೆ ಕನ್ನಡದ ಕ್ಯಾಲೆಂಡರ್ ತೂಗುಹಾಕಿದೆ. ಊರು ತಮಿಳುನಾಡಿನದು, ಮನೆಮಾತು ಕನ್ನಡ. ಅಷ್ಟು ತಿಳಿದರೆ ಸಾಕು.

ಚಿತ್ರದ ನಡುವೆ ಕತ್ತರಿಯಿಲ್ಲದ ಒಂದು ಶಾಟ್ ಇದೆ. ಅಜ್ಜಿ ರಾಗಿ ಬೀಸುತ್ತಿದ್ದಾಳೆ, ಬೂಟಿನ ಸದ್ದು ಬಂದು ಅಂಗಳದಲ್ಲಿ ನಿಲ್ಲುತ್ತದೆ. ಚಿತ್ರಕಥೆಯಂತೆ ಅವಳ ಕೈ ಅಲ್ಲಿಗೆ ನಿಲ್ಲಬೇಕಿತ್ತು. ಪಾತ್ರ ಮಾಡಿದ ಅಜ್ಜಿ ಆ ವರ್ಷಗಳನ್ನು ಇದೇ ಸೀಮೆಯಲ್ಲಿ ಕಳೆದವರು, ಒಪ್ಪಲಿಲ್ಲ. ‘ಕೈ ನಿಲ್ಲಿಸಿದರೆ ಯಾಕೆ ನಿಲ್ಲಿಸಿದೆ ಎಂದು ಕೇಳುವುದಿಲ್ಲವೇ ಮಗ? ಬೀಸುತ್ತಲೇ ಇರಬೇಕು’ ಎಂದರು. ಬೀಸುತ್ತಲೇ ಹೋದರು. ಕಲ್ಲಿನ ಬಾಯಿಗೆ ಹಾಕಿದ್ದ ಹಿಡಿ ರಾಗಿ ಮುಗಿಯಿತು. ಇನ್ನೊಂದು ಹಿಡಿಗೆ ಕೈ ಚಾಚಲಿಲ್ಲ. ಕಾಳಿದ್ದಾಗ ಬೀಸುವ ಕಲ್ಲಿನ ಸದ್ದು ದಪ್ಪ, ಮೆತ್ತಗೆ. ಬರಿದಾದ ಮೇಲೆ ಕಲ್ಲಿಗೆ ಕಲ್ಲು ತಾಗಿ ಗರಗರ ಎನ್ನುತ್ತದೆ, ಕೇಳುವವರ ಹಲ್ಲು ಜುಮ್ಮೆನ್ನುತ್ತದೆ. ಆ ಬದಲಾವಣೆ ಕಿವಿಗೆ ಬಿದ್ದ ಕೂಡಲೇ ಹಿನ್ನೆಲೆ ಸಂಗೀತದ ಯೋಚನೆ ಕೈಬಿಟ್ಟೆ.

ಇದನ್ನು ಹಿಡಿಯಲು ಕೋಲಿನ ತುದಿಗೆ ಕಟ್ಟಿ ಹಿಡಿಯುವ ಬೂಮ್ ಮೈಕ್ ಒಂದೇ ಸಾಲದು. ಕೆಳಗಲ್ಲಿನ ಅಂಚಿಗೆ ತಾಗಿದ ವಸ್ತುವಿನ ಕಂಪನವನ್ನಷ್ಟೇ ಹಿಡಿಯುವ ಕಾಂಟ್ಯಾಕ್ಟ್ ಮೈಕ್ ಅಂಟಿಸಿ ಬೇರೆ ಟ್ರ್ಯಾಕಿನಲ್ಲಿ ತೆಗೆದೆ. ಬೂಮ್‌ನಲ್ಲಿ ಬಳೆ, ಉಸಿರು, ಸೆರಗು. ಕಲ್ಲಿನ ಮೈಕ್‌ನಲ್ಲಿ ಗರಗರ ಮಾತ್ರ. ಮಿಕ್ಸಿಂಗ್‌ನಲ್ಲಿ ಎರಡನೆಯದನ್ನು ರಾಗಿ ಮುಗಿದ ಗಳಿಗೆಯಿಂದ ಇಷ್ಟಿಷ್ಟೇ ಏರಿಸುತ್ತಾ ಹೋದೆ.

ಬೂಟಿನ ಸದ್ದು ಆಮೇಲೆ ಮಾಡಿದ್ದು. ಚಾಮರಾಜನಗರದಲ್ಲಿ ಕೊಂಡ ಹಳೆಯ ಚರ್ಮದ ಬೂಟು ನನ್ನ ಕಾಲಿಗೆ ದೊಡ್ಡದು. ಕಾಲುಚೀಲದ ಮೇಲೆ ಕಾಲುಚೀಲ ಏರಿಸಿ ಗಟ್ಟಿ ನೆಲ, ಗರಸು, ಒಣಗಿದ ರಾಗಿ ಹುಲ್ಲಿನ ಮೇಲೆ ನಡೆದೆ. ಹುಲ್ಲಿನ ಮೇಲಿನದು ದನ ನಡೆದಂತೆ ಕೇಳಿತು, ಬಿಟ್ಟೆ.

ರಾತ್ರಿಯ ಸದ್ದುಗಳನ್ನು ಹಾಸನೂರಿನಲ್ಲಿ, ಹೆದ್ದಾರಿ ಬದಿಯ ಮನೆಯೊಂದರ ಹಿತ್ತಿಲಲ್ಲಿ ಕುಳಿತು ತೆಗೆದೆ. ಮದ್ರಾಸ್ ಹೈಕೋರ್ಟ್ ಆದೇಶದಂತೆ 2022ರ ಫೆಬ್ರುವರಿಯಿಂದ ಅದೇ ಹೆದ್ದಾರಿಯ ದಿಂಬಂ ಘಾಟಿಯಲ್ಲಿ ರಾತ್ರಿ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ರೈತರಿಗೆ ಅದರಿಂದಾದ ಪಾಡು ಏನೆಂದು ತರಕಾರಿ ಸಾಗಿಸುವವರನ್ನು ಕೇಳಬೇಕು. ಧ್ವನಿ ಹಿಡಿಯುವವನಿಗೆ ಮಾತ್ರ ವರ.

ಊರಿನವರು ಚಿತ್ರ ನೋಡಿದ್ದು ಮೊಬೈಲಿನಲ್ಲಿ. ಅದರ ಪುಟ್ಟ ಸ್ಪೀಕರಿನಲ್ಲಿ ಹಿಮ್ಮಡಿ ಊರುವ ‘ಧಪ್’ ಕೇಳುವುದೇ ಇಲ್ಲ. ಅದಕ್ಕೆಂದೇ ಬೇರೊಂದು ಮಿಕ್ಸ್ ಮಾಡಿ ಗರಸು ಅರೆಯುವ, ಚರ್ಮ ಕಿರುಗುಟ್ಟುವ ಸದ್ದನ್ನು ಪುಟ್ಟ ಸ್ಪೀಕರೂ ಚೆನ್ನಾಗಿ ನುಡಿಸುವ 2ರಿಂದ 4 ಕಿಲೋಹರ್ಟ್ಸ್ ಕಂಪನಾಂಕದ ನಡುವೆ ಎತ್ತಿದೆ. ಹೆಡ್‌ಫೋನಿನಲ್ಲಿ ಅದು ತುಸು ಕರ್ಕಶ, ಇರಲಿ. ಮಾತಿಲ್ಲದ ಚಿತ್ರ ತಾನೇ ಎಂದು ಸದ್ದು ಪೂರ್ತಿ ಇಳಿಸಿ ನೋಡುವವರೂ ಇದ್ದಾರೆ. ಅದಕ್ಕೆ ನನ್ನಲ್ಲಿ ಮದ್ದಿಲ್ಲ.